ಸ್ಪ್ಯಾಮ್ ಡಬ್ಬಿ ಮಾಂಸ: ಹವಾಯಿಯಲ್ಲಿ ವರ್ಷಗಟ್ಟಲೆ ಬಳಸಿದ ಮೇಲೆ

ಈ ನೀಲಿ ಡಬ್ಬಿಯ ಹಂದಿಮಾಂಸವನ್ನು ಮೊದಲ ಸಲ ಕೊಂಡವರಲ್ಲಿ ಅನೇಕರು ಮುಚ್ಚಳ ತೆರೆದು, ತಣ್ಣಗಿರುವಾಗಲೇ ಒಂದು ತುಂಡು ಬಾಯಿಗೆ ಹಾಕಿಕೊಂಡು ಮುಖ ಕಿವುಚುತ್ತಾರೆ. ತೀರ್ಪನ್ನೂ ಅಲ್ಲಿಯೇ ಕೊಟ್ಟುಬಿಡುತ್ತಾರೆ. ಹೊನೊಲುಲುವಿನಲ್ಲಿ ಸಂಸಾರ ಹೂಡಿ, ಅಕ್ಕಿ ಬೇಳೆಯ ಪಕ್ಕದಲ್ಲೇ ಸ್ಪ್ಯಾಮ್ ಇಟ್ಟುಕೊಂಡು ಬಹಳ ಕಾಲದಿಂದ ಬಳಸುತ್ತಿರುವ ನನ್ನ ಅಭಿಪ್ರಾಯ ಬೇರೆ. ಇದನ್ನೇ ಮಾಂಸದೂಟವೆಂದು ತಿಂದರೆ ನಿರಾಶೆಯಾಗುವುದು ಖಂಡಿತ. ಉಪ್ಪಿನಕಾಯಿಯಂತೆ ಅನ್ನಕ್ಕೆ ನೆಂಚಿಕೊಂಡರೆ ಮಾತ್ರ ಇದರ ಬೆಲೆ ತಿಳಿಯುತ್ತದೆ.

ಒಳಗೆ ಏನೇನೋ ಇರುತ್ತದೆ ಎಂಬ ಗಾಳಿಮಾತು ನಮ್ಮವರಲ್ಲೂ ಇದೆ. ಮೂಲ ಬಗೆಯಲ್ಲಿರುವುದು ಹಂದಿಮಾಂಸ, ಉಪ್ಪು, ನೀರು, ಆಲೂಗೆಡ್ಡೆಯ ಪಿಷ್ಟ, ಸಕ್ಕರೆ ಮತ್ತು ಸೋಡಿಯಂ ನೈಟ್ರೈಟ್, ಅಷ್ಟೇ. ಅರೆದ ಮಾಂಸಕ್ಕೆ ಇವನ್ನು ಬೆರೆಸಿ, ಡಬ್ಬಿಗೆ ತುಂಬಿ ಮುಚ್ಚಿದ ಮೇಲೆ ಡಬ್ಬಿಯ ಸಮೇತ ಬೇಯಿಸುತ್ತಾರೆ. ಫ್ರಿಜ್ ಇಲ್ಲದೆಯೂ ವರ್ಷಗಟ್ಟಲೆ ಕೆಡದಿರುವುದು ಈ ಕಾರಣಕ್ಕೆ. ಗುಲಾಬಿ ಬಣ್ಣ ನೈಟ್ರೈಟ್‌ನಿಂದ ಬರುತ್ತದೆ. ಹಿಂದೆ ಮಾಂಸದ ಮೇಲೆ ಲೋಳೆಯಂತಹ ಪದರವೊಂದು ಕಾಣುತ್ತಿತ್ತು. 2009ರಲ್ಲಿ ಪಿಷ್ಟ ಸೇರಿಸಲು ಆರಂಭಿಸಿದ ಮೇಲೆ ಅದು ಬಹುಮಟ್ಟಿಗೆ ಹೋಯಿತು.

ಹಾರ್ಮೆಲ್ ಕಂಪನಿ ಅಮೆರಿಕದ ಮಿನೆಸೋಟ ರಾಜ್ಯದ ಆಸ್ಟಿನ್ ಎಂಬ ಊರಿನಿಂದ ಇದನ್ನು ಮಾರುಕಟ್ಟೆಗೆ ತಂದದ್ದು 1937ರಲ್ಲಿ. ಹೆಸರು ಸೂಚಿಸಿದ ಕೆನ್ ಡೇನೊ ಎಂಬ ನಟನಿಗೆ 100 ಡಾಲರ್ ಬಹುಮಾನ ಸಿಕ್ಕಿತು. ಆದರೆ ಸ್ಪ್ಯಾಮ್ ಲೋಕಸಂಚಾರ ಹೊರಟದ್ದು ಎರಡನೆಯ ಮಹಾಯುದ್ಧದ ಜೊತೆಗೆ. ಸೋವಿಯತ್ ಸೇನೆಗೂ ಇದು ಹೋಯಿತು. ಇದಿಲ್ಲದಿದ್ದರೆ ತಮ್ಮ ಸೈನಿಕರ ಹೊಟ್ಟೆ ತುಂಬಿಸುವುದು ಆಗುತ್ತಿರಲಿಲ್ಲವೆಂದು ಮುಂದೆ ಸೋವಿಯತ್ ನಾಯಕರಾದ ಕ್ರುಶ್ಚೇವ್ ತಮ್ಮ ನೆನಪುಗಳಲ್ಲಿ ದಾಖಲಿಸಿದ್ದಾರೆ. ಬ್ರಿಟನ್ನಿನಲ್ಲಿ ಅದು ಪಡಿತರದ ಕಾಲದ ಗುರುತಾಗಿ ಉಳಿಯಿತು. ಮುಂದೆ 1970ರಲ್ಲಿ ಮಾಂಟಿ ಪೈಥಾನ್ ಎಂಬ ಬ್ರಿಟಿಷ್ ಹಾಸ್ಯ ತಂಡ ಬಿಬಿಸಿಯಲ್ಲಿ ಒಂದು ಪ್ರಹಸನ ಮಾಡಿತು: ಆ ಹೋಟೆಲಿನ ತಿಂಡಿಪಟ್ಟಿಯ ತುಂಬ ಸ್ಪ್ಯಾಮ್, ಪಕ್ಕದಲ್ಲಿ ಕುಳಿತ ವೈಕಿಂಗರ ಬಾಯಲ್ಲೂ ಅದರದೇ ಹಾಡು. ಕಸದ ಇಮೇಲ್‌ಗೆ ಈ ಹೆಸರು ಅಂಟಿಕೊಂಡದ್ದು ಅಲ್ಲಿಂದ. ಆ ನಗೆಯಷ್ಟನ್ನೇ ಕೇಳಿದವರಿಗೆ ಹವಾಯಿಯ ಕಥೆ ಗೊತ್ತಿರುವುದಿಲ್ಲ ಎಂಬುದು ನನ್ನ ಕೊರಗು.

ಜಪಾನ್ ನಡೆಸಿದ ಪರ್ಲ್ ಹಾರ್ಬರ್ ದಾಳಿಯ ನಂತರ ಇಲ್ಲಿನ ಜಪಾನಿ ಮೂಲದ ಬೆಸ್ತರು ಕಡಲಿಗೆ ಇಳಿಯದಂತೆ ನಿರ್ಬಂಧ ಬಿತ್ತು. ಮೀನುಗಾರಿಕೆಯಲ್ಲಿ ಅವರದೇ ದೊಡ್ಡ ಪಾಲಾದ್ದರಿಂದ ತಾಜಾ ಮೀನಿಗೆ ಬರ ಬಂತು. ಸೇನೆಯ ಜೊತೆ ಬಂದ ಡಬ್ಬಿ ಮಾಂಸ ಆ ಜಾಗಕ್ಕೆ ಬಂತು. ಕಬ್ಬು, ಅನಾನಸ್ ತೋಟಗಳಲ್ಲಿ ದುಡಿಯಲು ಚೀನಾ, ಜಪಾನ್, ಕೊರಿಯ, ಫಿಲಿಪ್ಪೀನ್ಸ್‌ಗಳಿಂದ ಬಂದಿದ್ದವರು ಅನ್ನ ಉಣ್ಣುವ ಜನ. ಉಪ್ಪುಪ್ಪಾದ ಒಂದು ಹೋಳು ಸಿಕ್ಕರೆ ಬಟ್ಟಲು ಅನ್ನ ಇಳಿಯುತ್ತದೆ. ಹದಿನಾಲ್ಕು ಲಕ್ಷದಷ್ಟು ಜನರಿರುವ ಈ ದ್ವೀಪಗಳಲ್ಲಿ ಇಂದು ವರ್ಷಕ್ಕೆ ಸುಮಾರು 70 ಲಕ್ಷ ಡಬ್ಬಿಗಳು ಖರ್ಚಾಗುತ್ತವೆ. ಮೆಕ್‌ಡೊನಾಲ್ಡ್ಸ್ ಕೂಡ ಇಲ್ಲಿ ಬೆಳಗಿನ ತಿಂಡಿಗೆ ಸ್ಪ್ಯಾಮ್, ಮೊಟ್ಟೆ, ಅನ್ನ ಬಡಿಸುತ್ತದೆ. ವೈಕೀಕಿಯಲ್ಲಿ ವರ್ಷಕ್ಕೊಮ್ಮೆ ‘ಸ್ಪ್ಯಾಮ್ ಜ್ಯಾಮ್’ ಜಾತ್ರೆ ನಡೆದಾಗ ಕಲಾಕೌವಾ ಬೀದಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಬಡತನದ, ಯುದ್ಧದ ಕಾಲದ ಆಹಾರವನ್ನು ನಾಚಿಕೆಯಿಲ್ಲದೆ ತಮ್ಮದೆಂದು ಹೇಳಿಕೊಳ್ಳುವ ಈ ಜನರ ಮೇಲೆ ನನಗೆ ಗೌರವವಿದೆ.

ನಮ್ಮ ಮನೆಯಲ್ಲಿ ಹೆಚ್ಚು ಮಾಡುವುದು ಸ್ಪ್ಯಾಮ್ ಮುಸುಬಿ, ಅಂದರೆ ಅನ್ನದ ದಿಂಡಿನ ಮೇಲೆ ಹುರಿದ ಹೋಳಿಟ್ಟು ಸುತ್ತಿದ ತಿಂಡಿ. ಡಬ್ಬಿಯ ಪಕ್ಕೆಗಳನ್ನು ಒತ್ತಿ, ಬೋರಲು ಹಾಕಿ ತಟ್ಟಿದರೆ ಇಡೀ ಗಟ್ಟಿ ಜಾರಿ ಬರುತ್ತದೆ. 340 ಗ್ರಾಮಿನ ಗಟ್ಟಿಯನ್ನು ಎಂಟು ಹೋಳು ಮಾಡಿಕೊಳ್ಳಬೇಕು. ಎಣ್ಣೆ ಬೇಡವೇ ಬೇಡ, ಕೊಬ್ಬು ತಾನೇ ಬಿಡುತ್ತದೆ. ಮಧ್ಯಮ ಉರಿಯಲ್ಲಿ ಅಂಚು ಕಂದು ಬಣ್ಣಕ್ಕೆ ತಿರುಗುವವರೆಗೆ ಕಾಯಬೇಕು. ಇಲ್ಲಿ ಅವಸರ ಮಾಡಿದರೆ ರುಚಿಯೇ ಬರುವುದಿಲ್ಲ. ಆಮೇಲೆ ಸೋಯಾ ಸಾಸ್, ಸಕ್ಕರೆ ಕಲಸಿ ಸುರಿದರೆ ಕ್ಷಣದಲ್ಲಿ ಪಾಕ ಅಂಟಿಕೊಳ್ಳುತ್ತದೆ. ಅಚ್ಚಿಗಾಗಿ ಅಂಗಡಿಗೆ ಹೋಗಬೇಕಾಗಿಲ್ಲ. ಖಾಲಿ ಡಬ್ಬಿಯನ್ನೇ ತೊಳೆದು, ಒಳಗೆ ಪ್ಲಾಸ್ಟಿಕ್ ಹಾಳೆ ಹಾಸಿ, ಅಂಟು ಬರುವ ಜಪಾನಿ ಅಕ್ಕಿಯ ಬಿಸಿ ಅನ್ನವನ್ನು ಒತ್ತಿದರೆ ಹೋಳಿನಷ್ಟೇ ಅಗಲದ ದಿಂಡು ಸಿದ್ಧ. ಡಬ್ಬಿಯ ಅಂಚು ಹರಿತವಾಗಿರುತ್ತದೆ, ಬೆರಳು ಜೋಪಾನ. ಅನ್ನದ ಮೇಲೆ ಹೋಳಿಟ್ಟು, ನೋರಿ ಎಂಬ ಕಡಲಪಾಚಿಯ ಹಾಳೆಯಿಂದ ಸುತ್ತಿದರೆ ಮುಗಿಯಿತು. ಬೆಳಗ್ಗೆ ಕಟ್ಟಿಕೊಟ್ಟದ್ದು ಮಧ್ಯಾಹ್ನಕ್ಕೂ ಚೆನ್ನಾಗಿರುತ್ತದೆ. ಸೋನಾ ಮಸೂರಿ ಅನ್ನ ಇದಕ್ಕೆ ಆಗುವುದಿಲ್ಲ, ಉದುರಿಹೋಗುತ್ತದೆ.

ಪಕ್ಕದ ಮನೆಯ ಕೊರಿಯದ ಅಜ್ಜಿ ಮಾಡುವ ಬುದೆ ಜಿಗೆ ಇನ್ನೊಂದು ಲೋಕ. ಕೊರಿಯ ಯುದ್ಧದ ನಂತರದ ಹಸಿವಿನ ದಿನಗಳಲ್ಲಿ, ಅಮೆರಿಕದ ಸೇನಾ ನೆಲೆಗಳಿಂದ ಹೊರಬಂದ ಡಬ್ಬಿ ಮಾಂಸ, ಸಾಸೇಜ್‌ಗಳನ್ನು ಕಿಮ್ಚಿ ಎಂಬ ಹುದುಗಿಸಿದ ಎಲೆಕೋಸಿನ ಜೊತೆ ಕುದಿಸಿದ ಖಾರದ ಸಾರು ಅದು. ಸೋಲ್ ಬಳಿಯ ಉಯಿಜಾಂಗ್ಬು ಊರು ಅದಕ್ಕೆ ಹೆಸರುವಾಸಿ. ಚುಸೊಕ್ ಸುಗ್ಗಿಹಬ್ಬಕ್ಕೆ ಕೊರಿಯದಲ್ಲಿ ಸ್ಪ್ಯಾಮ್ ಡಬ್ಬಿಗಳನ್ನು ಅಂದದ ಪೆಟ್ಟಿಗೆಯಲ್ಲಿ ಜೋಡಿಸಿ ಉಡುಗೊರೆ ಕೊಡುತ್ತಾರೆ. ಕಿಮ್ಚಿಯ ಹುಳಿಯೂ ಖಾರವೂ ಕೊಬ್ಬನ್ನು ಹದಕ್ಕೆ ತರುವ ರೀತಿ ನೋಡಿದರೆ, ಈ ಮಾಂಸಕ್ಕೆ ಇದಕ್ಕಿಂತ ಒಳ್ಳೆಯ ಜೊತೆ ಇಲ್ಲವೆನಿಸುತ್ತದೆ.

ಈಗ ಗಂಭೀರವಾದ ಮಾತು. ಡಬ್ಬಿಯ ಮೇಲೆ ಒಂದು ಪಾಲು ಎಂದು ಬರೆದಿರುವ 56 ಗ್ರಾಮಿನಲ್ಲಿ 790 ಮಿಲಿಗ್ರಾಮ್ ಸೋಡಿಯಂ, 16 ಗ್ರಾಮ್ ಕೊಬ್ಬು ಇವೆ. ದಿನಕ್ಕೆ 2000 ಮಿಲಿಗ್ರಾಮಿನೊಳಗೇ ಸೋಡಿಯಂ ಇರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮುಸುಬಿಯ ಒಂದು ಹೋಳಿಗೇ 600ರಷ್ಟಾಗುತ್ತದೆ, ಮೇಲಿನ ಸೋಯಾ ಸಾಸ್ ಬೇರೆ. ಅದೇ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಸಂಸ್ಕರಿಸಿದ ಮಾಂಸವನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ದಿನವೂ 50 ಗ್ರಾಮ್ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರಿನ ಅಪಾಯ ಶೇ. 18ರಷ್ಟು ಹೆಚ್ಚುತ್ತದೆ ಎಂಬುದು ಅದರ ಲೆಕ್ಕ. ಹಾಗಾಗಿ ನಮ್ಮಲ್ಲಿ ಇದು ದಿನನಿತ್ಯದ ಅಡುಗೆಯಲ್ಲ. ರಕ್ತದೊತ್ತಡ ಇರುವವರಿಗೆ, ಮೂತ್ರಪಿಂಡದ ತೊಂದರೆ ಇರುವವರಿಗೆ ನಾನು ಬಡಿಸುವುದೂ ಇಲ್ಲ. ಉಳಿದವರಿಗೆ ನನ್ನ ಶಿಫಾರಸು ಶೇ. 25 ಕಡಿಮೆ ಸೋಡಿಯಂ ಇರುವ ಬಗೆ. ಹುರಿದ ಮೇಲೆ ರುಚಿಯಲ್ಲಿ ಕೊರತೆ ಕಾಣುವುದಿಲ್ಲ, ನಾನು ಈಗ ಅದನ್ನೇ ಕೊಳ್ಳುವುದು. ತೆರೆದ ಮೇಲೆ ಉಳಿದದ್ದನ್ನು ಗಾಜಿನ ಪಾತ್ರೆಗೆ ಹಾಕಿ ಫ್ರಿಜ್ಜಿನಲ್ಲಿಟ್ಟು ಮೂರು ನಾಲ್ಕು ದಿನದಲ್ಲಿ ಮುಗಿಸಿ.

ಕೊಡಗಿನವರು ಕೇಳುವ ಪ್ರಶ್ನೆ ಗೊತ್ತಿದೆ: ಪಂದಿ ಕರಿ ಆಗುತ್ತದೆಯೇ? ಆಗುವುದಿಲ್ಲ. ಆಗಲೇ ಬೆಂದಿರುವ ಈ ಮಾಂಸ ಮಸಾಲೆಯನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ, ಹೆಚ್ಚು ಹೊತ್ತು ಕುದಿಸಿದರೆ ಮೆತ್ತಗಾಗಿಬಿಡುತ್ತದೆ. ಅದರ ಬದಲು ಸಣ್ಣ ಚೌಕಗಳಾಗಿ ಹೆಚ್ಚಿ ಗರಿಗರಿಯಾಗಿ ಹುರಿಯಿರಿ. ಬಿಟ್ಟ ಕೊಬ್ಬಿನಲ್ಲೇ ಈರುಳ್ಳಿ, ಹಸಿಮೆಣಸು, ಕರಿಬೇವು ಬಾಡಿಸಿ, ಕುಟ್ಟಿದ ಕರಿಮೆಣಸು ಉದುರಿಸಿ, ಒಲೆಯಿಂದ ಇಳಿಸುವ ಮುನ್ನ ಕೆಲವೇ ಹನಿ ಕಾಚಂಪುಳಿ (ಕೊಡಗಿನ ಕಪ್ಪು ಹುಳಿರಸ) ಹಾಕಿ. ಅಕ್ಕಿರೊಟ್ಟಿಗೆ ಸೊಗಸಾಗಿ ಹೊಂದುತ್ತದೆ. ಉಪ್ಪನ್ನು ಮಾತ್ರ ಒಂದು ಹರಳೂ ಸೇರಿಸಬೇಡಿ.