ಕ್ಲಿಕ್ ಸ್ವಿಚ್‌ಗಳಲ್ಲಿ ಬಾಕ್ಸ್ ಜೇಡ್‌ಗೇ ನನ್ನ ಓಟು

ಮೆಕ್ಯಾನಿಕಲ್ ಕೀಬೋರ್ಡಿನಲ್ಲಿ (ಪ್ರತಿ ಕೀ ಕೆಳಗೂ ಅದರದೇ ಸ್ವಿಚ್ ಇರುವಂಥದ್ದು) ಸದ್ದೂ ಬೇಕು ಅನ್ನುವವರು ಸಾಮಾನ್ಯವಾಗಿ ಈ ಮೂರು ಸ್ವಿಚ್ಚುಗಳಲ್ಲಿ ಒಂದಕ್ಕೆ ಬಂದು ನಿಲ್ಲುತ್ತಾರೆ: ಚೆರ್ರಿ ಎಂಎಕ್ಸ್ ಬ್ಲೂ, ಕೈಲ್ ಬಾಕ್ಸ್ ಜೇಡ್, ಐಬಿಎಂ ಮಾಡೆಲ್ ಎಂನ ಬಕ್ಲಿಂಗ್ ಸ್ಪ್ರಿಂಗ್. ಮೂರನ್ನೂ ಬಳಸಿದ ಮೇಲೆ ನನಗೆ ಜೇಡ್ ಬಿಟ್ಟು ಬೇರೆಯದು ರುಚಿಸುತ್ತಿಲ್ಲ.

ಬ್ಲೂ ಸ್ವಿಚ್‌ನ ಸ್ಟೆಮ್, ಅಂದರೆ ಕೀ ಜೊತೆ ಇಳಿದು ಏಳುವ ಭಾಗ, ಎರಡು ತುಂಡು. ನೀಲಿ ಭಾಗದ ಕೆಳಗೆ ಸಡಿಲವಾಗಿ ಕೂತ ಬಿಳಿ ತುಂಡು ಅರ್ಧ ದಾರಿಯಲ್ಲಿ ಜಾರಿ ಕೆಳಗೆ ಬಡಿಯುತ್ತದೆ. ಆ ಬಡಿತವೇ ಕ್ಲಿಕ್. ಸದ್ದು ಇಳಿಯುವಾಗ ಮಾತ್ರ. ಬೆರಳನ್ನು ಕ್ಲಿಕ್ ಆದ ಜಾಗಕ್ಕಿಂತ ಮೇಲಕ್ಕೆ ಎತ್ತುವ ತನಕ ಕೀ ಮತ್ತೆ ಸಿದ್ಧವಾಗುವುದಿಲ್ಲ. ಇನ್‌ಸ್ಕ್ರಿಪ್ಟ್ ಎಂಬ ಕೀಲಿ ವಿನ್ಯಾಸದಲ್ಲಿ ಕನ್ನಡ ಬರೆಯುವಾಗ ಇದು ಗೊತ್ತೇ ಆಗದು: ‘ಅಪ್ಪ’ ಎನ್ನುವಲ್ಲಿ ಎರಡು ‘ಪ’ಗಳ ನಡುವೆ ಎಡಗೈ ಹಲಂತ (ಒತ್ತಕ್ಷರಕ್ಕೆ ಬೇಕಾದ ಚಿಹ್ನೆ) ಒತ್ತುತ್ತದೆ, ಅಷ್ಟರಲ್ಲಿ ಬಲಗೈ ಬೆರಳು ಪೂರ್ತಿ ಎದ್ದಿರುತ್ತದೆ. ಇಂಗ್ಲಿಷಿನ ಜೋಡಿ ಅಕ್ಷರ ಅಥವಾ ಅವಸರದ ಬ್ಯಾಕ್‌ಸ್ಪೇಸ್ ಬಂದಾಗ ಒಂದೊಂದು ಒತ್ತು ತಪ್ಪುತ್ತದೆ.

ಜೇಡ್‌ನಲ್ಲಿ ಸಡಿಲ ತುಂಡಿನ ಗೊಡವೆಯೇ ಇಲ್ಲ. ಒಳಗೆ ಒಂದು ಬದಿಗೆ ಪುಟ್ಟ ತಂತಿ, ಅದೇ ಕ್ಲಿಕ್ ಬಾರ್. ಸ್ಟೆಮ್‌ನ ಇಳಿಜಾರು ಅಂಚು ಅದನ್ನು ಬಾಗಿಸಿ ಬಿಟ್ಟುಬಿಟ್ಟಾಗ ಚಿಟಿಕೆ ಹೊಡೆದ ಹಾಗೆ ಪುಟಿಯುತ್ತದೆ, ಬೆರಳು ಏಳುವಾಗ ಇನ್ನೊಮ್ಮೆ. ಇದೇ ಸಾಲಿನ ಬಾಕ್ಸ್ ವೈಟ್‌ನಲ್ಲಿ ಈ ತಂತಿ ತೆಳು, ಸದ್ದೂ ತೆಳು. ಬಾಕ್ಸ್ ನೇವಿಯಲ್ಲಿ ಜೇಡ್‌ನಷ್ಟೇ ದಪ್ಪ, ಆದರೆ ಸ್ಪ್ರಿಂಗ್ ಬಿಗಿ, ಕಿರುಬೆರಳಿಗೆ ಕಷ್ಟ.

ಜೇಡ್‌ನ ಒಂದೇ ಕಾಟವೆಂದರೆ ಕ್ಲಿಕ್ ಹಿಂದೆಯೇ ಬರುವ ‘ಟಿಂಯ್’. ದಪ್ಪ ತಂತಿಯ ಪೆಟ್ಟಿಗೆ ಮುಖ್ಯ ಸ್ಪ್ರಿಂಗ್ ಝೇಂಕರಿಸುತ್ತದೆ. ಸದ್ದಿಲ್ಲದ ಕೋಣೆಯಲ್ಲಿ ಇದು ಕಿವಿ ಕೊರೆಯುತ್ತದೆ.

ಇದಕ್ಕೆ ಮದ್ದು ಸ್ಪ್ರಿಂಗ್‌ಗೆ ಎಣ್ಣೆ. ಎಪ್ಪತ್ತು ಸ್ಪ್ರಿಂಗ್‌ಗಳನ್ನು ಜಿಪ್ ಕವರಿಗೆ ಹಾಕಿ, ಹತ್ತು ಹನ್ನೆರಡು ಹನಿ ಕ್ರೈಟಾಕ್ಸ್ 105 ಎಣ್ಣೆ ಬಿಟ್ಟು, ಗಾಳಿ ತುಂಬಿ ಚೆನ್ನಾಗಿ ಕುಲುಕಿದರೆ ಸಾಕು. ಆದರೆ ಸ್ವಿಚ್ ಬಿಚ್ಚುವುದರಲ್ಲೇ ಪೇಚು. ಚೆರ್ರಿ ಮಾದರಿಯ ಓಪನರ್ (ಸ್ವಿಚ್ ಬಿಚ್ಚುವ ಸಾಧನ) ಬಾಕ್ಸ್ ಸ್ವಿಚ್‌ಗೆ ಒಗ್ಗುವುದಿಲ್ಲ. ಎರಡು ಬದಿಯ ಓಪನರ್ ಕೊಂಡು ಕೈಲ್‌ನ ಬದಿ ಬಳಸಿ. ಸ್ಟೆಮ್ ಎತ್ತುವಾಗ ಕ್ಲಿಕ್ ಬಾರ್ ತನ್ನ ಜಾಗದಿಂದ ಎದ್ದು ಬರಬಹುದು. ಅದನ್ನು ನೋಡದೆ ಮುಚ್ಚಳ ಒತ್ತಿದರೆ ತಂತಿ ಸೊಟ್ಟಗಾಗಿ ಕೀ ಮೂಕವಾಗುತ್ತದೆ, ಇಲ್ಲವೇ ಸಿಕ್ಕಿಕೊಳ್ಳುತ್ತದೆ. ಮುಚ್ಚುವ ಮೊದಲು ಚಿಮಟದ ತುದಿಯಿಂದ ತಂತಿಯನ್ನು ಜಾಗಕ್ಕೆ ಕೂರಿಸಿ. ಸ್ಟೆಮ್ ಮೊದಲಿದ್ದ ದಿಕ್ಕಿನಲ್ಲೇ ಇಳಿಯಲಿ.

ಕ್ಲಿಕ್ ಬಾರ್‌ಗಾಗಲಿ ಅದನ್ನು ತಾಗುವ ಇಳಿಜಾರಿಗಾಗಲಿ ಗ್ರೀಸ್ ಸೋಕಿಸಬೇಡಿ. ತಂತಿ ಪುಟಿಯುವ ಬದಲು ಮೆಲ್ಲಗೆ ಜಾರುತ್ತದೆ, ಕ್ಲಿಕ್ ಮಂಕಾಗುತ್ತದೆ.

ಬಕ್ಲಿಂಗ್ ಸ್ಪ್ರಿಂಗ್ ಮೂರರಲ್ಲೂ ಜಾಣ ಯುಕ್ತಿ: ಸ್ಪ್ರಿಂಗ್ ಪಕ್ಕಕ್ಕೆ ಬಾಗಿ ಬುಡದ ಸುತ್ತಿಗೆಯನ್ನು ತಿರುಗಿಸುತ್ತದೆ, ಸದ್ದಾದ ಕ್ಷಣವೇ ಅಕ್ಷರ ಬಿದ್ದ ಕ್ಷಣ. 1985ರ ಮಾಡೆಲ್ ಎಂ ವಿನ್ಯಾಸವನ್ನು ಅಮೆರಿಕದ ಯುನಿಕಾಂಪ್ ಮುಂದುವರಿಸಿಕೊಂಡು ಬಂದಿದೆ. ಆದರೆ ಸ್ವಿಚ್ ಬಿಡಿಯಾಗಿ ಸಿಗದು, ಇಡೀ ಕೀಬೋರ್ಡ್ ತರಿಸಬೇಕು, ಸಾಗಣೆ ಮತ್ತು ಸುಂಕ ಬೇರೆ. ಹಳೆಯ ಮಾಡೆಲ್ ಎಂ ಕೊಂಡರೆ ಹಿಂಬದಿಯ ಪ್ಲಾಸ್ಟಿಕ್ ರಿವೆಟ್‌ಗಳು ಮುರಿದಿರುತ್ತವೆ, ಬೋಲ್ಟ್ ಹಾಕಿಸಬೇಕು.

ಹಾಟ್‌ಸ್ವಾಪ್ ಕೀಬೋರ್ಡ್ (ಬೆಸುಗೆ ಇಲ್ಲದೆ ಸ್ವಿಚ್ ಬದಲಿಸಬಹುದಾದದ್ದು) ಈಗಾಗಲೇ ಇದ್ದರೆ ಜೇಡ್‌ಗೆ ಸ್ವಿಚ್‌ನ ಖರ್ಚಷ್ಟೇ. ಸೆಕೆಂಡ್ ಹ್ಯಾಂಡ್ ಬಾಕ್ಸ್ ಸ್ವಿಚ್ ಮಾತ್ರ ನೋಡಿ ತೆಗೆದುಕೊಳ್ಳಿ: 2018ರಲ್ಲಿ ಅಚ್ಚು ತಿದ್ದುವ ಮುಂಚಿನವುಗಳ ಸ್ಟೆಮ್ ದಪ್ಪ, ಒಳ್ಳೆಯ ಕೀಕ್ಯಾಪ್‌ಗಳನ್ನೇ ಸೀಳುತ್ತವೆ.