ಪವರ್ ಪಿವಟ್ ಆರು ವರ್ಷ ಬಳಸಿದ ಮೇಲೆ: 48 ಶೀಟಿಂದ ಒಂದು ಟೇಬಲ್‌ಗೆ ಬಂದ ಕಥೆ

ಎಕ್ಸೆಲ್‌ನಲ್ಲಿ ಪವರ್ ಪಿವಟ್ (ಬೇರೆ ಬೇರೆ ಟೇಬಲ್‌ಗಳನ್ನ ಜೋಡಿಸಿ ಒಟ್ಟಿಗೆ ಲೆಕ್ಕ ಹಾಕೋ ಸೌಲಭ್ಯ) ಹಿಡ್ಕೊಂಡು ಆರು ವರ್ಷ ಆಯ್ತು. ಮೊದಲನೇ ವಾರ ವಿಮರ್ಶೆ ಬರೆದಿದ್ರೆ ಐದಕ್ಕೆ ಐದು ಕೊಟ್ಬಿಡ್ತಿದ್ದೆ, ಎರಡನೇ ತಿಂಗಳಲ್ಲಿ ಬರೆದಿದ್ರೆ ಒಂದೂ ಕೊಡ್ತಿರ್ಲಿಲ್ಲ. ಈಗ ಎರಡೂ ಇಳಿದಿದೆ, ಬರೀಬಹುದು.

ನನ್ನ ಕೆಲ್ಸ ಬಿಡಿಭಾಗಗಳ ಸ್ಟಾಕ್ ಲೆಕ್ಕ, ನಾಲ್ಕು ಗೋಡೌನ್. ಮೊದಲು ಒಂದೊಂದು ಗೋಡೌನ್‌ಗೂ ತಿಂಗಳಿಗೊಂದು ಶೀಟ್ ಇಡ್ತಿದ್ದೆ, ವರ್ಷಕ್ಕೆ 48 ಶೀಟು. ವರ್ಷದ ಟೋಟಲ್‌ಗೆ ಜನವರಿ ಶೀಟಿಂದ ಡಿಸೆಂಬರ್ ಶೀಟ್‌ವರೆಗೂ ಎಲ್ಲದರ ಸಿ7 ಸೆಲ್ (ಸಿ ಕಾಲಂ, 7ನೇ ಸಾಲು, ಬೇರಿಂಗ್ ಇದ್ದ ಜಾಗ) ಕೂಡಿಸು ಅಂತ ಒಂದೇ ಸಮ್ ಫಾರ್ಮುಲಾ, ಇದಕ್ಕೆ ತ್ರೀಡಿ ರೆಫರೆನ್ಸ್ ಅಂತಾರೆ, ಹೆಸರು ಕೇಳಿ ಏನೋ ದೊಡ್ಡದು ಅನ್ಕೊಂಡಿದ್ದೆ. ಒಂದ್ಸಲ ಮೇ ಶೀಟಲ್ಲಿ ಹೊಸ ಐಟಂಗೆ ಅಂತ ಮೇಲ್ಗಡೆ ಒಂದು ರೋ ಸೇರಿಸಿದೆ (ಬೇರೆ ಯಾರೂ ಅಲ್ಲ, ನಾನೇ), ಎಲ್ಲಾ ಒಂದು ಸಾಲು ಕೆಳಗೆ ಜರುಗ್ತು, ಜೂನ್ ಜುಲೈ ಶೀಟು ಮೇ ಶೀಟನ್ನೇ ಕಾಪಿ ಹೊಡೆದು ಮಾಡಿದ್ದು, ಹಂಗಾಗಿ ಮೂರು ತಿಂಗಳು ಬೇರಿಂಗ್ ಟೋಟಲ್ ಒಳಗೆ ಆಯಿಲ್ ಸೀಲ್ ಬಂದು ಕೂತಿತ್ತು. ಎರರ್ ಏನೂ ತೋರ್ಸಲ್ಲ, ನಂಬರ್ ನೋಡೋಕೆ ಚೆನ್ನಾಗೇ ಇರುತ್ತೆ. ಸಿ7 ಅನ್ನೋದು ಬರೀ ಮನೆ ನಂಬರು, ಒಳಗಡೆ ಯಾರು ಬಾಡಿಗೆಗೆ ಇದಾರೆ ಅಂತ ಫಾರ್ಮುಲಾಗೆ ಗೊತ್ತಿಲ್ಲ.

ಪವರ್ ಪಿವಟ್ ದಾರಿ ಇದಕ್ಕೆ ಉಲ್ಟಾ, ಅದಕ್ಕೆ ಬಹು ಆಯಾಮ ಅಂತಾರೆ, ಅಂದ್ರೆ ಇಷ್ಟೇ ನೋಡಿ: ನಂಬರ್‌ನ ಸಿ7 ಅಂತ ಕರೆಯೋ ಬದ್ಲು "ಬೇರಿಂಗ್, ಮೇ, ಎರಡನೇ ಗೋಡೌನ್" ಅಂತ ಕರೆಯೋದು. ಐಡಿಯಾ ಹೊಸದೇನಲ್ಲ. 1991ರಲ್ಲೇ ಲೋಟಸ್ ಕಂಪನಿ ನೆಕ್ಸ್ಟ್ ಅನ್ನೋ ಕಂಪನಿಯ ಕಂಪ್ಯೂಟರ್‌ಗೆ ಇಂಪ್ರೂವ್ ಅಂತ ಒಂದು ಸಾಫ್ಟ್‌ವೇರ್ ತಂದಿತ್ತು, ಅದ್ರಲ್ಲಿ ಡೇಟಾ ಬೇರೆ ಫಾರ್ಮುಲಾ ಬೇರೆ, ಲಾಭ ಅಂದ್ರೆ ಮಾರಾಟ ಕಳೆ ಖರ್ಚು ಅಂತ ಹೆಸರಲ್ಲೇ ಬರೆದ್ರೆ ಎಲ್ಲಾ ತಿಂಗಳಿಗೂ ಎಲ್ಲಾ ಐಟಂಗೂ ಅದೇ ಸಾಕು. 1993ರಲ್ಲಿ ವಿಂಡೋಸ್‌ಗೂ ಬಂತು, ಆದ್ರೆ ಉಳೀಲಿಲ್ಲ. ಅದರ ಅರ್ಧ ಗುಣ ಪಿವಟ್ ಟೇಬಲ್ (ಉದ್ದ ಪಟ್ಟಿನ ಬೇಕಾದ ಹಾಗೆ ಗುಂಪು ಮಾಡಿ ಟೋಟಲ್ ತೋರ್ಸೋ ಕೋಷ್ಟಕ) ಆಗಿ ಎಕ್ಸೆಲ್ ಸೇರ್ತು ಅನ್ನೋದು ನನ್ನ ಲೆಕ್ಕ. ಪವರ್ ಪಿವಟ್ ಬಂದಿದ್ದು ಎಕ್ಸೆಲ್ 2010ಕ್ಕೆ, ಬೇರೆಯಾಗಿ ಹಾಕ್ಕೊಳ್ಳೋ ಆಡ್‌ಇನ್ ಆಗಿ. 2013ರಿಂದ ಡೇಟಾ ಮಾಡೆಲ್, ಅಂದ್ರೆ ಜೋಡಿಸಿದ ಟೇಬಲ್‌ಗಳು ಕೂರೋ ಜಾಗ, ಎಕ್ಸೆಲ್ ಒಳಗೇ ಇದೆ.

ಶಿಫ್ಟ್ ಆಗೋದ್ರಲ್ಲಿ ಅಸಲಿ ಕೆಲ್ಸ ಡೇಟಾನ ಉದ್ದಕ್ಕೆ ಮಾಡೋದು. ತಿಂಗಳುಗಳು ಹನ್ನೆರಡು ಕಾಲಂ ಆಗಿ ಅಡ್ಡ ಮಲಗಿದ್ರೆ ಆಗಲ್ಲ, ತಾರೀಖು, ಐಟಂ, ಗೋಡೌನ್, ಸಂಖ್ಯೆ ಅಂತ ನಾಲ್ಕೇ ಕಾಲಂ, ಮಿಕ್ಕಿದ್ದೆಲ್ಲಾ ಸಾಲು. ಪವರ್ ಕ್ವೆರಿಯಲ್ಲಿ (ಡೇಟಾ ತಂದು ಸರಿಮಾಡೋ ಎಕ್ಸೆಲ್‌ನದೇ ಸೌಲಭ್ಯ) ಅನ್‌ಪಿವಟ್ ಒತ್ತಿದ್ರೆ ಒಂದು ನಿಮಿಷದ ಕೆಲ್ಸ, ನಾನು ಅದು ಗೊತ್ತಿಲ್ದೆ ಎರಡು ವಾರ ಕಾಪಿ ಪೇಸ್ಟ್ ಮಾಡ್ದೆ. ಆಮೇಲೆ ಐಟಂ ಲಿಸ್ಟ್ ಒಂದು ಟೇಬಲ್, ಗೋಡೌನ್ ಲಿಸ್ಟ್ ಒಂದು, ಕ್ಯಾಲೆಂಡರ್ ಒಂದು, ಗೆರೆ ಎಳೆದು ಜೋಡಿಸಿದ್ರೆ ಮುಗೀತು. ಒಂದು ಟೇಬಲಿಂದ ಇನ್ನೊಂದಕ್ಕೆ ವಿವರ ಹುಡುಕಿ ತರೋಕೆ ವಿಲುಕಪ್ ಹಾಕಿ ಹಾಕಿ ಬೇಜಾರಾಗಿರೋರಿಗೆ ಇದೊಂದಕ್ಕೇ ಪವರ್ ಪಿವಟ್ ಸಾಕು.

ಇನ್ನು ಆ ಎರಡನೇ ತಿಂಗಳು. ಬೇರಿಂಗ್ ಸ್ಟಾಕ್ ಜನವರಿ ಕೊನೇಗೆ 40, ಫೆಬ್ರವರಿ ಕೊನೇಗೆ 35, ಮಾರ್ಚ್ ಕೊನೇಗೆ 50. ಮೂರು ತಿಂಗಳ ಸಾಲಲ್ಲಿ ಪಿವಟ್ ತೋರ್ಸಿದ್ದು 125. ಗೋಡೌನಲ್ಲಿ ಇರೋದು 50, ರಿಪೋರ್ಟಲ್ಲಿ 125! ಸಾಫ್ಟ್‌ವೇರೇ ತಪ್ಪು ಅಂತ ಬೈಕೊಂಡು ಓಡಾಡ್ದೆ, ಆದ್ರೆ ಅದಕ್ಕೆ ಕೂಡಿಸು ಅಂತ ಹೇಳಿದ್ದು ನಾನೇ ತಾನೇ. ಮಾರಾಟ ಎಲ್ಲಾ ದಿಕ್ಕಲ್ಲೂ ಕೂಡುತ್ತೆ, ಸ್ಟಾಕ್ ಗೋಡೌನ್ ದಿಕ್ಕಲ್ಲಿ ಕೂಡುತ್ತೆ, ಕಾಲದ ದಿಕ್ಕಲ್ಲಿ ಕೂಡಲ್ಲ, ಅಲ್ಲಿ ಕೊನೇ ದಿನದ್ದು ಮಾತ್ರ ತಗೋಬೇಕು. ಕ್ಯಾಲ್ಕುಲೇಟ್ ಒಳಗೆ ಲಾಸ್ಟ್‌ಡೇಟ್ ಹಾಕಿ ಮೆಷರ್ (ಪಿವಟ್‌ಗೆ ಅಂತ ನಾವೇ ಬರೆಯೋ ಫಾರ್ಮುಲಾ) ಬರೆದೆ, ಸರಿಹೋಯ್ತು, ಆದ್ರೆ ನಡೀತಿರೋ ತಿಂಗಳಿಗೆ ಖಾಲಿ ಬಂತು, ಯಾಕಂದ್ರೆ ಕ್ಯಾಲೆಂಡರ್ ಡಿಸೆಂಬರ್ 31ರ ತನಕ ಇದೆ, ತಿಂಗಳ ಕೊನೇ ದಿನ ಇನ್ನೂ ಬಂದೇ ಇಲ್ಲ, ಹಂಗಾಗಿ ನಂಬರ್ ಇರೋ ಕೊನೇ ದಿನ ಹಿಡಿಯೋ ಲಾಸ್ಟ್‌ನಾನ್‌ಬ್ಲ್ಯಾಂಕ್‌ಗೆ ಬದಲಾಯಿಸ್ದೆ. ಮಾರ್ಜಿನ್ ಪರ್ಸೆಂಟೂ ಇದೇ ಗೋಳು, ಅದನ್ನ ಸಾಲು ಸಾಲಿಗೆ ಲೆಕ್ಕ ಹಾಕಿ ಕೂಡಿಸಿದ್ರೆ ಪರ್ಸೆಂಟ್ ನೂರು ದಾಟುತ್ತೆ. ಯಾವ ನಂಬರ್ ಯಾವ ದಿಕ್ಕಲ್ಲಿ ಕೂಡುತ್ತೆ ಅನ್ನೋದು ಒಂದು ಪೇಪರಲ್ಲಿ ಬರ್ಕೊಂಡು ಶುರು ಮಾಡಿದ್ರೆ ಆ ಎರಡು ತಿಂಗಳು ಉಳೀತಿತ್ತು.

ಫೈಲ್ ಸೈಜ್ ವಿಷ್ಯ. ಒಳಗಡೆ ಡೇಟಾ ಕಾಲಂ ಲೆಕ್ಕದಲ್ಲಿ ಅಮುಕಿ ಇಡುತ್ತೆ, ಒಂದೇ ವ್ಯಾಲ್ಯೂ ಮತ್ತೆ ಮತ್ತೆ ಬಂದ್ರೆ ಜಾಗ ಕಮ್ಮಿ, ಎಲ್ಲಾ ಬೇರೆ ಬೇರೆ ಇದ್ರೆ ಜಾಸ್ತಿ. ನನ್ನ ಬಿಲ್ ಟೇಬಲಲ್ಲಿ ತಾರೀಖಿನ ಜೊತೆ ಗಂಟೆ ನಿಮಿಷ ಸೆಕೆಂಡೂ ಇತ್ತು, ಅದು ಯಾರಿಗೂ ಬೇಕಾಗಿರ್ಲಿಲ್ಲ, ತೆಗೆದು ಬರೀ ತಾರೀಖು ಇಟ್ಟೆ, ಫೈಲ್ ಅರ್ಧಕ್ಕಿಂತ ಕಮ್ಮಿ ಆಯ್ತು. ಶೀಟಿನ 10,48,576 ಸಾಲಿನ ಮಿತಿನೂ ಮಾಡೆಲ್‌ಗೆ ಇಲ್ಲ. 32 ಬಿಟ್ ಎಕ್ಸೆಲ್ ಆದ್ರೆ ಮೆಮೊರಿ ಬೇಗ ಮುಗಿಯುತ್ತೆ, 64 ಬಿಟ್ ಹಾಕ್ಕೊಳ್ಳಿ. ಮ್ಯಾಕ್ ಇರೋರು ಇಲ್ಲಿಗೇ ನಿಲ್ಲಿಸಿ, ಅಲ್ಲಿ ಪವರ್ ಪಿವಟ್ ಇಲ್ಲ.

ಜಾಸ್ತಿ ಜನ ಮುಟ್ಟದೇ ಇರೋದು ಕ್ಯೂಬ್‌ವ್ಯಾಲ್ಯೂ ಫಂಕ್ಷನ್, ಹೆಸರು ಹೇಳಿ ಮಾಡೆಲಿಂದ ಒಂದೊಂದೇ ನಂಬರ್ ತರೋದು. ನಮ್ ಸಾಹೇಬ್ರಿಗೆ ರಿಪೋರ್ಟ್ ಹಳೇ ಫಾರ್ಮ್ ಥರಾನೇ ಇರ್ಬೇಕು, ಪಿವಟ್ ನೋಡಿದ್ರೆ ಮುಖ ಕಿವುಚ್ತಾರೆ. ಪಿವಟ್‌ನ ಫಾರ್ಮುಲಾಗೆ ಬದಲಾಯಿಸು ಅಂತ ಒಂದು ಆಪ್ಶನ್ ಇದೆ, ಒತ್ತಿದ್ರೆ ಪ್ರತಿ ಸೆಲ್ಲೂ ಬಿಡಿ ಫಾರ್ಮುಲಾ ಆಗುತ್ತೆ, ಎಲ್ಲಿ ಬೇಕಾದ್ರೂ ಎತ್ತಿಡ್ಬಹುದು, ಮಧ್ಯ ಖಾಲಿ ಸಾಲು ಬಿಡ್ಬಹುದು, ಆಮೇಲೂ ನಂಬರ್ ಹೆಸರು ಹಿಡ್ಕೊಂಡೇ ಬರುತ್ತೆ. ಐಟಂ ಹೆಸರು ಬದ್ಲಾದ್ರೆ ಎರರ್ ಹೊಡೆಯುತ್ತೆ, ಅದು ನನಗೆ ಖುಷಿನೇ, ಸಿ7 ಥರ ಸುಮ್ನೆ ಇನ್ನೊಬ್ಬರ ನಂಬರ್ ತಂದಿಡಲ್ಲ.

ಸಿಟ್ಟು ಬರೋದು ಬಜೆಟ್ ಟೈಮಲ್ಲಿ. ಪಿವಟ್ ನೋಡೋಕೆ ಮಾತ್ರ, ಅದರೊಳಗೆ ಟೈಪ್ ಮಾಡೋ ಹಾಗಿಲ್ಲ. ಮುಂದಿನ ವರ್ಷಕ್ಕೆ ಬೇರಿಂಗ್ 600 ಅಂತ ಮೇಲೆ ಹೊಡೆದ್ರೆ ತಾನೇ ತಿಂಗಳಿಗೆ ಹಂಚ್ಬೇಕು ಅನ್ನೋ ಆಸೆ ಇತ್ತು, ಅದಕ್ಕೇ ಅಂತ ಮಧ್ಯದಲ್ಲಿ ಒಂದು ಆಡ್‌ಇನ್ ದುಡ್ಡು ಕೊಟ್ಟು ತಗೊಂಡೆ, ಹೆಸರು ಬೇಡ, ಎರಡನೇ ವರ್ಷಕ್ಕೆ ಅವ್ರು ಅಂಗಡಿ ಮುಚ್ಚಿದ್ರು, ಲೈಸೆನ್ಸ್ ಚೆಕ್ ಆಗದೆ ಫೈಲೇ ತೆರೀಲಿಲ್ಲ. ಈಗ ಬಜೆಟ್‌ನ ಇನ್ನೊಂದು ಉದ್ದ ಟೇಬಲಲ್ಲಿ ಕೈಯಾರೆ ಹೊಡೆದು ರಿಫ್ರೆಶ್ ಒತ್ತುತೀನಿ, ಒಂದು ನಂಬರ್ ಬದಲಾಯಿಸಿದ್ರೂ ಮತ್ತೆ ರಿಫ್ರೆಶ್. ನಾಲ್ಕು ಸ್ಟಾರ್, ಕಟ್ ಮಾಡಿದ ಒಂದು ಈ ರಿಫ್ರೆಶ್‌ಗೆ.