ಮೂವರು ಪ್ರತಿನಿಧಿಗಳು, ಒಂದು ಲಕೋಟೆ: ವಾಷಿಂಗ್ಟನ್ ರಾಜ್ಯದ ಶಾಸನಸಭಾ ಕ್ಷೇತ್ರದ ಬಗ್ಗೆ ಒಬ್ಬ ಮತದಾರನ ವಿಮರ್ಶೆ

ಹೋಟೆಲು, ಮಿಕ್ಸರ್, ವಿಮಾನಯಾನ ಎಲ್ಲದಕ್ಕೂ ವಿಮರ್ಶೆ ಬರೆಯುವ ನಾವು, ತೆರಿಗೆ ಕಟ್ಟಿ ಪಡೆಯುವ ಅತಿ ದೊಡ್ಡ ಸೇವೆಯಾದ ಜನಪ್ರಾತಿನಿಧ್ಯಕ್ಕೆ ಅಂಕ ಕೊಡುವುದನ್ನು ಮಾತ್ರ ಹರಟೆಗೆ ಬಿಟ್ಟಿದ್ದೇವೆ. ಅಮೆರಿಕದ ವಾಯವ್ಯ ಮೂಲೆಯಲ್ಲಿರುವ ವಾಷಿಂಗ್ಟನ್ ರಾಜ್ಯದಲ್ಲಿ (ರಾಜಧಾನಿ ವಾಷಿಂಗ್ಟನ್ ನಗರವಲ್ಲ, ಸಿಯಾಟಲ್ ಇರುವ ರಾಜ್ಯ) ಹಲವು ವರ್ಷ ಮತವಿಲ್ಲದ ನಿವಾಸಿಯಾಗಿದ್ದು, ಪೌರತ್ವ ಪಡೆದ ಮೇಲೆ ಕೆಲವು ಚುನಾವಣೆಗಳಲ್ಲಿ ಮತ ಹಾಕಿರುವ ನಾನು ಇಲ್ಲಿನ ಶಾಸನಸಭಾ ಕ್ಷೇತ್ರವೆಂಬ ವ್ಯವಸ್ಥೆಯನ್ನು ಬಳಕೆದಾರನ ಕಣ್ಣಿನಿಂದ ನೋಡಿ ಬರೆಯುತ್ತಿದ್ದೇನೆ. ಅಂಕಗಳನ್ನು ಮೊದಲೇ ಹೇಳಿಬಿಡುತ್ತೇನೆ: ಮತ ಹಾಕಿಸಿಕೊಳ್ಳುವ ಕೆಲಸಕ್ಕೆ ಐದಕ್ಕೆ ನಾಲ್ಕೂವರೆ, ಮತ ಹಾಕಿದ ಮೇಲಿನ ಸೇವೆಗೆ ಐದಕ್ಕೆ ಮೂರು.

ಮೊದಲು ಸ್ವರೂಪ. ರಾಜ್ಯವನ್ನು 49 ಕ್ಷೇತ್ರಗಳಾಗಿ ಹಂಚಲಾಗಿದೆ. ಪ್ರತಿ ಕ್ಷೇತ್ರವೂ ನಾಲ್ಕು ವರ್ಷದ ಅವಧಿಗೆ ಒಬ್ಬ ಸೆನೆಟರನ್ನೂ ಎರಡು ವರ್ಷದ ಅವಧಿಗೆ ಇಬ್ಬರು ಕೆಳಮನೆ ಸದಸ್ಯರನ್ನೂ ಆರಿಸುತ್ತದೆ. ಮೂವರಿಗೂ ಗಡಿ ಒಂದೇ, ಮತದಾರರೂ ಅವರೇ. ಹೀಗೆ ಮೇಲ್ಮನೆಯಲ್ಲಿ 49, ಕೆಳಮನೆಯಲ್ಲಿ 98, ಒಟ್ಟು 147 ಮಂದಿ. ಪದವೀಧರರು, ಶಿಕ್ಷಕರು, ಸ್ಥಳೀಯ ಸಂಸ್ಥೆಗಳು, ಶಾಸಕರು ಹಾಗೂ ನಾಮನಿರ್ದೇಶನದ ದಾರಿಯಲ್ಲಿ ತುಂಬುವ ನಮ್ಮ ವಿಧಾನಪರಿಷತ್ತನ್ನು ನೋಡಿ ಬೆಳೆದವರಿಗೆ, ಮೇಲ್ಮನೆಯ ಸದಸ್ಯನನ್ನೂ ನೇರವಾಗಿ ತಾವೇ ಆರಿಸುವುದು ಹೊಸ ಅನುಭವ. 2020ರ ಜನಗಣತಿಯ ಪ್ರಕಾರ ರಾಜ್ಯದ ಜನಸಂಖ್ಯೆ 77,05,281; ಅಂದರೆ ಕ್ಷೇತ್ರವೊಂದಕ್ಕೆ ಸುಮಾರು 1.57 ಲಕ್ಷ ಜನ. ಹತ್ತು ವರ್ಷಕ್ಕೊಮ್ಮೆ ಗಡಿ ಹೊಸದಾಗಿ ಎಳೆಯುವುದರಿಂದ ಒಂದು ಕ್ಷೇತ್ರಕ್ಕೂ ಇನ್ನೊಂದಕ್ಕೂ ಹೆಚ್ಚು ವ್ಯತ್ಯಾಸ ಇರುವುದಿಲ್ಲ. 2001ರ ಜನಗಣತಿಯ ಮೇಲೆ ನಿಂತಿರುವ ಕರ್ನಾಟಕದ 224 ಕ್ಷೇತ್ರಗಳಲ್ಲಿ ಬೆಂಗಳೂರು ದಕ್ಷಿಣದ ಮತದಾರರು ಆರು ಲಕ್ಷ ದಾಟಿದ್ದರೆ ಶೃಂಗೇರಿಯಲ್ಲಿ ಎರಡು ಲಕ್ಷವೂ ಇಲ್ಲ. ಈ ಒಂದು ವಿಷಯದಲ್ಲಿ ಇಲ್ಲಿನ ತಕ್ಕಡಿ ನೇರವಾಗಿದೆ.

ಒಂದು ಗೊಂದಲವನ್ನು ಇಲ್ಲೇ ಬಿಡಿಸಬೇಕು. ಕೆಳಮನೆಯ ಇಬ್ಬರೆಂದರೆ ಒಂದೇ ಸ್ಪರ್ಧೆಯಲ್ಲಿ ಮೊದಲೆರಡು ಸ್ಥಾನ ಪಡೆದವರಲ್ಲ. ‘ಪೊಸಿಷನ್ 1’ ಮತ್ತು ‘ಪೊಸಿಷನ್ 2’ ಎಂಬ ಎರಡು ಬೇರೆಬೇರೆ ಸ್ಥಾನಗಳಿವೆ. ಅಭ್ಯರ್ಥಿ ಯಾವುದಕ್ಕೆ ನಿಲ್ಲುತ್ತೇನೆಂದು ನಾಮಪತ್ರ ಸಲ್ಲಿಸುವಾಗಲೇ ಹೇಳಬೇಕು. ಹಾಗಾಗಿ ಒಂದು ಸ್ಥಾನಕ್ಕೆ ಬಿರುಸಿನ ಪೈಪೋಟಿ ನಡೆದು, ಪಕ್ಕದ ಸ್ಥಾನದಲ್ಲಿ ಒಬ್ಬರೇ ಸುಮ್ಮನೆ ಗೆದ್ದುಬರುವುದೂ ಉಂಟು. ನಾಮಪತ್ರದ ಶುಲ್ಕ ಆ ಹುದ್ದೆಯ ವಾರ್ಷಿಕ ಸಂಬಳದ ಶೇ. 1. ನಮ್ಮಲ್ಲಿ ಠೇವಣಿ ಉಳಿಯಿತೋ ಹೋಯಿತೋ ಎಂಬ ಲೆಕ್ಕಾಚಾರವಿರುತ್ತದೆ. ಇಲ್ಲಿ ಕಟ್ಟಿದ ಹಣ ಕಟ್ಟಿದ ಹಾಗೆಯೇ.

ಇನ್ನು ಈ ಸೇವೆಯ ಅತ್ಯುತ್ತಮ ಭಾಗಕ್ಕೆ ಬರುತ್ತೇನೆ. 2011ರ ಕಾನೂನಿನ ನಂತರ ಇಡೀ ರಾಜ್ಯದಲ್ಲಿ ಅಂಚೆ ಮತದಾನವೇ ರೂಢಿಯಲ್ಲಿದೆ. ಚುನಾವಣೆಗೆ ಕನಿಷ್ಠ 18 ದಿನ ಮುಂಚೆ ಮತಪತ್ರ ಅಂಚೆಗೆ ಬೀಳುತ್ತದೆ; ಅದರ ಆಸುಪಾಸಿನಲ್ಲೇ ಅಭ್ಯರ್ಥಿಗಳ ಭಾವಚಿತ್ರ ಮತ್ತು ಅವರವರದೇ ಮಾತಿನ ಹೇಳಿಕೆಗಳಿರುವ ಕೈಪಿಡಿ ಮನೆ ಬಾಗಿಲಿಗೆ ಬರುತ್ತದೆ. ರಾತ್ರಿ ಊಟವಾದ ಮೇಲೆ ಅಡುಗೆಮನೆಯ ಮೇಜಿನ ಮೇಲೆ ಮತಪತ್ರವನ್ನು ಹರಡಿಕೊಂಡು, ಕೈಪಿಡಿಯನ್ನು ಪಕ್ಕದಲ್ಲಿಟ್ಟುಕೊಂಡು, ಹೆಸರಿನ ಮುಂದಿರುವ ಮೊಟ್ಟೆಯಾಕಾರದ ಖಾಲಿ ಜಾಗವನ್ನು ಪೆನ್ನಿನಿಂದ ತುಂಬುತ್ತಾ ಹೋಗುವಾಗ, ಒಬ್ಬ ಅಭ್ಯರ್ಥಿಗೆ ಯಾರು ಯಾರು ಹಣ ಕೊಟ್ಟಿದ್ದಾರೆ ಎಂಬುದನ್ನು ಫೋನಿನಲ್ಲೇ ಹುಡುಕಿ ನೋಡಬಹುದು. 1972ರಲ್ಲಿ ಮತದಾರರೇ ಅಂಗೀಕರಿಸಿದ ಕಾನೂನಿನಿಂದ ಹುಟ್ಟಿದ ಸಾರ್ವಜನಿಕ ಬಹಿರಂಗಪಡಿಸುವಿಕೆ ಆಯೋಗ ಈ ದೇಣಿಗೆಯ ವಿವರಗಳನ್ನು ಬಯಲಿಗಿಡುತ್ತದೆ. ಸಾಲಿನಲ್ಲಿ ನಿಂತು, ಬೆರಳಿಗೆ ಶಾಯಿ ಹಚ್ಚಿಸಿಕೊಂಡು, ಗುಂಡಿ ಒತ್ತಿ ‘ಬೀಪ್’ ಸದ್ದು ಕೇಳಿ ಬರುವ ಸಂಭ್ರಮ ಇದರಲ್ಲಿಲ್ಲ, ಅದನ್ನು ಒಪ್ಪುತ್ತೇನೆ. ಆದರೆ ಒಬ್ಬ ಮತದಾರ ಒಂದು ಹೆಸರಿನ ಮುಂದೆ ಹತ್ತು ನಿಮಿಷ ಯೋಚಿಸುತ್ತಾ ಕೂರಲು ಮತಗಟ್ಟೆಯಲ್ಲಿ ಯಾರು ಬಿಡುತ್ತಾರೆ?

ಮತಪತ್ರವನ್ನು ಲಕೋಟೆಗೆ ಹಾಕಿ, ಹೊರಗಿನ ಘೋಷಣೆಯ ಕೆಳಗೆ ರುಜು ಮಾಡಿ, ದಿನಾಂಕ ಬರೆದು ಅಂಚೆಗೆ ಹಾಕಬಹುದು. 2018ರಿಂದೀಚೆಗೆ ಅಂಚೆಚೀಟಿ ಅಂಟಿಸುವ ಅಗತ್ಯವೂ ಇಲ್ಲ. ಆದರೆ ಚುನಾವಣೆಯ ದಿನದೊಳಗಿನ ಅಂಚೆ ಮುದ್ರೆ ಲಕೋಟೆಯ ಮೇಲೆ ಇರಲೇಬೇಕು. ಕೊನೆಯ ದಿನ ಸಂಜೆ ಅಂಚೆ ಡಬ್ಬಕ್ಕೆ ಹಾಕಿದರೆ ಮುದ್ರೆ ಮರುದಿನದ್ದಾಗಿಬಿಡಬಹುದು. ಗ್ರಂಥಾಲಯ, ನಗರಸಭೆಗಳ ಮುಂದೆ ನೆಲಕ್ಕೆ ಬಿಗಿದಿರುವ ಉಕ್ಕಿನ ಪೆಟ್ಟಿಗೆಗಳು ಚುನಾವಣೆಯ ದಿನ ರಾತ್ರಿ 8 ಗಂಟೆಯವರೆಗೆ ತೆರೆದಿರುತ್ತವೆ, ನಾನು ನಂಬುವುದು ಅವನ್ನೇ. ಎಣಿಕೆ ಮಾತ್ರ ನಿಧಾನ. ಮಧ್ಯಾಹ್ನದೊಳಗೆ ಫಲಿತಾಂಶ ನೋಡಿ ಪಟಾಕಿ ಹಚ್ಚುವ ಅಭ್ಯಾಸದವರು ಇಲ್ಲಿ ದಿನಗಟ್ಟಲೆ, ಪೈಪೋಟಿ ಬಿಗಿಯಾಗಿದ್ದರೆ ವಾರಗಟ್ಟಲೆ, ಕಾಯಬೇಕಾಗುತ್ತದೆ.

ಅರ್ಧ ಅಂಕ ಕಳೆದದ್ದು ಎಲ್ಲಿ ಎಂದರೆ ರುಜುವಿನಲ್ಲಿ. ಊರಿನ ಬ್ಯಾಂಕಿನಲ್ಲಿ ಮೊದಲಿನಿಂದಲೂ ಕನ್ನಡದಲ್ಲೇ ರುಜು ಹಾಕುವವನು ನಾನು. ಇಲ್ಲಿನ ಚಾಲನಾ ಪರವಾನಗಿಗೆ ಮಾತ್ರ, ಯಾಕೆ ಬೇಕು ರಗಳೆ ಎಂದು, ಇಂಗ್ಲಿಷಿನಲ್ಲಿ ಗೀಚಿದ್ದೆ. ಒಂದು ಚುನಾವಣೆಯಲ್ಲಿ ಕೈ ತನ್ನ ಪಾಡಿಗೆ ತಾನು ಲಕೋಟೆಯ ಮೇಲೆ ಕನ್ನಡದಲ್ಲಿ ರುಜು ಮಾಡಿಬಿಟ್ಟಿತು. ಚುನಾವಣೆಯ ದಿನ ಕಳೆದು ಐದಾರು ದಿನಗಳಾದ ಮೇಲೆ ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಕಚೇರಿಯಿಂದ ಪತ್ರ ಬಂತು: ನಿಮ್ಮ ರುಜು ದಾಖಲೆಗೆ ಹೊಂದುತ್ತಿಲ್ಲ, ಜೊತೆಗಿರುವ ನಮೂನೆಯಲ್ಲಿ ಮತ್ತೆ ರುಜು ಮಾಡಿ ಕಳಿಸದಿದ್ದರೆ ಮತ ಎಣಿಕೆಗೆ ಬರುವುದಿಲ್ಲ. ಹೊಂದದೇ ಇದ್ದ ಆ ಹಳೆಯ ರುಜು ಹೇಗಿತ್ತೆಂಬುದನ್ನು ಪತ್ರದಲ್ಲಿ ತೋರಿಸಿರಲಿಲ್ಲ. ಫೋನು ಮಾಡಿದರೆ ಇಪ್ಪತ್ತು ನಿಮಿಷ ಸಂಗೀತ ಕೇಳಿಸಿದರು. ಫಲಿತಾಂಶ ಅಧಿಕೃತವಾಗಿ ದೃಢೀಕರಣವಾಗುವ ಹಿಂದಿನ ದಿನದವರೆಗೆ ಸರಿಪಡಿಸಲು ಅವಕಾಶವಿದ್ದುದರಿಂದ ನಮೂನೆಯಲ್ಲಿ ಮತ್ತೆ ಕನ್ನಡದಲ್ಲೇ ರುಜು ಮಾಡಿ ಕಳಿಸಿದೆ. ನಾಲ್ಕು ದಿನದಲ್ಲಿ ಅಂತರಜಾಲದ ಪುಟದಲ್ಲಿ ‘ಸ್ವೀಕರಿಸಲಾಗಿದೆ’ ಎಂಬ ಸೂಚನೆ ಕಂಡಿತು. ಅಂದಿನಿಂದ ನನ್ನ ‘ಕೃ’ದ ಸುಳಿಯನ್ನು ಅಲ್ಲಿನ ಸಿಬ್ಬಂದಿ ಗುರುತಿಸುತ್ತಿದ್ದಾರೆ, ತಕರಾರು ಬಂದಿಲ್ಲ. ಪತ್ರ ಬಂದ ವಾರ ನಾನು ಊರಿಗೆ ಹೋಗಿದ್ದರೆ ಏನಾಗುತ್ತಿತ್ತು ಎಂಬುದು ಮಾತ್ರ ಮನಸ್ಸಿನಲ್ಲಿ ಉಳಿದಿದೆ.

ಆಯ್ಕೆಯ ಕ್ರಮದಲ್ಲಿ ಹೊಸಬರು ಎಡವುವುದು ಆಗಸ್ಟಿನಲ್ಲಿ. ಆ ತಿಂಗಳ ಮೊದಲ ಮಂಗಳವಾರ ನಡೆಯುವ ಪ್ರಾಥಮಿಕ ಚುನಾವಣೆಯಲ್ಲಿ ಎಲ್ಲ ಪಕ್ಷದವರೂ ಒಂದೇ ಪಟ್ಟಿಯಲ್ಲಿರುತ್ತಾರೆ. ಪಕ್ಷ ಯಾವುದೇ ಇರಲಿ, ಹೆಚ್ಚು ಮತ ಪಡೆದ ಇಬ್ಬರು ನವೆಂಬರಿನ ಅಂತಿಮ ಚುನಾವಣೆಗೆ ಹೋಗುತ್ತಾರೆ. 2004ರಲ್ಲಿ ಜನರೇ ಮತ ಹಾಕಿ ತಂದ ಈ ಪದ್ಧತಿ, ಪಕ್ಷಗಳು ಹೂಡಿದ ದಾವೆಯನ್ನು ದೇಶದ ಸುಪ್ರೀಂ ಕೋರ್ಟಿನವರೆಗೆ ಎದುರಿಸಿ 2008ರಲ್ಲಿ ಜಾರಿಗೆ ಬಂತು. ಪಕ್ಷಗಳು ಟಿಕೆಟ್ ಕೊಡುವ ಮಾತೇ ಇಲ್ಲ. ಮತಪತ್ರದಲ್ಲಿ ‘ಇಂಥ ಪಕ್ಷವನ್ನು ಇಷ್ಟಪಡುತ್ತಾರೆ’ ಎಂದಷ್ಟೇ ಇರುತ್ತದೆ, ಅದನ್ನು ಬರೆದುಕೊಡುವವರೂ ಅಭ್ಯರ್ಥಿಯೇ. ಆ ವರ್ಷ ರಾಜ್ಯಪಾಲ ಹುದ್ದೆಗೆ ನಿಂತಿದ್ದ ಡೀನೋ ರಾಸ್ಸಿ ‘ರಿಪಬ್ಲಿಕನ್’ ಎನ್ನುವ ಬದಲು ಆ ಪಕ್ಷದ ಅಡ್ಡಹೆಸರಾದ ‘ಜಿ.ಒ.ಪಿ.’ ಎಂದು ಬರೆಸಿಕೊಂಡದ್ದು ನ್ಯಾಯಾಲಯದವರೆಗೂ ಹೋಗಿತ್ತು. ಬಿ ಫಾರಂಗಾಗಿ ಬೆಳಗಿನ ಜಾವದವರೆಗೆ ಕಾಯುವ ನಮ್ಮ ಟಿಕೆಟ್ ಆಕಾಂಕ್ಷಿಗಳು ಇದನ್ನು ಕೇಳಿದರೆ ಏನೆನ್ನುತ್ತಾರೋ!

ಇದರ ಒಳ್ಳೆಯದೂ ಕೆಟ್ಟದ್ದೂ ಒಂದೇ ಕಡೆ ಇದೆ. ಸಿಯಾಟಲಿನ ಸುತ್ತಲಿನ ಕ್ಷೇತ್ರಗಳಲ್ಲಿ ಡೆಮಾಕ್ರಟಿಕ್ ಪಕ್ಷದ, ರಾಜ್ಯದ ಪೂರ್ವಭಾಗದ ಬಹುಪಾಲು ಕ್ಷೇತ್ರಗಳಲ್ಲಿ ರಿಪಬ್ಲಿಕನ್ ಪಕ್ಷದ ಗೆಲುವು ಮೊದಲೇ ನಿಶ್ಚಿತವಾದಂತೆ ಇರುತ್ತದೆ. ಅಂಥಲ್ಲಿ ಒಂದೇ ಪಕ್ಷದ ಇಬ್ಬರು ನವೆಂಬರಿನಲ್ಲಿ ಎದುರಾದರೆ ಮತದಾರನಿಗೆ ನಿಜವಾದ ಆಯ್ಕೆ ಸಿಗುತ್ತದೆ. ಎದುರಾಗದಿದ್ದರೆ ಆಯ್ಕೆಯೆಲ್ಲ ಆಗಸ್ಟಿನಲ್ಲೇ ಮುಗಿದಿರುತ್ತದೆ. 2024ರ ನವೆಂಬರಿನಲ್ಲಿ ನೋಂದಾಯಿತ ಮತದಾರರಲ್ಲಿ ಶೇ. 79ರಷ್ಟು ಜನ ಮತ ಹಾಕಿದರೆ, ಅದೇ ವರ್ಷದ ಆಗಸ್ಟಿನಲ್ಲಿ ಹಾಕಿದವರು ಶೇ. 41ರಷ್ಟು. ಉಳಿದವರು ರಜೆಯಲ್ಲಿದ್ದರು, ಬೆಟ್ಟ ಹತ್ತುತ್ತಿದ್ದರು; ಅವರ ಲಕೋಟೆಗಳು ಜಾಹೀರಾತುಗಳ ಜೊತೆ ಮರುಬಳಕೆಯ ಡಬ್ಬ ಸೇರಿರಬೇಕು.

ಸ್ಥಾನ ತೆರವಾದರೆ ಭರ್ತಿ ಮಾಡುವ ರೀತಿ ನನಗೆ ಅಷ್ಟಾಗಿ ಹಿಡಿಸಿಲ್ಲ. ನಮ್ಮಲ್ಲಿ ಸಾಮಾನ್ಯವಾಗಿ ಆರು ತಿಂಗಳೊಳಗೆ ಉಪಚುನಾವಣೆ ನಡೆಯಬೇಕು. ಇಲ್ಲಿ ತೆರವು ಮಾಡಿದವರ ಪಕ್ಷ ಮೂರು ಹೆಸರು ಕೊಡುತ್ತದೆ, ಕೌಂಟಿಯ ಚುನಾಯಿತ ಮಂಡಳಿ ಅದರಲ್ಲಿ ಒಬ್ಬರನ್ನು ನೇಮಿಸುತ್ತದೆ. ಜನರ ಸರದಿ ಮುಂದಿನ ನವೆಂಬರಿನ ಚುನಾವಣೆಗೆ. 45ನೇ ಕ್ಷೇತ್ರದ ಸೆನೆಟರ್ ಆ್ಯಂಡಿ ಹಿಲ್ 2016ರಲ್ಲಿ ತೀರಿಕೊಂಡಾಗ ಹಾಗೆ ನೇಮಕಗೊಂಡವರು ಅದೇ ಡೀನೋ ರಾಸ್ಸಿ. 2017ರ ನವೆಂಬರಿನಲ್ಲಿ ಅವರು ಸ್ಪರ್ಧಿಸಲಿಲ್ಲ. ಗೆದ್ದವರು ಭೋಪಾಲದಲ್ಲಿ ಹುಟ್ಟಿದ ಮಂಕಾ ಧಿಂಗ್ರಾ. ಆ ಒಂದು ಗೆಲುವಿನಿಂದ ಸೆನೆಟ್ 25–24ರಲ್ಲಿ ಡೆಮಾಕ್ರಟರ ಕೈಗೆ ಹೋಯಿತು. ನೇಮಕದ ದಾರಿ ಅವಸರಕ್ಕೆ ಸರಿ, ಆದರೆ ನೇಮಕಗೊಂಡವರು ಮುಂದೆ ಹಾಲಿ ಸದಸ್ಯರೆಂಬ ಬಲದ ಮೇಲೆಯೇ ಮತ ಕೇಳುತ್ತಾರೆ ಎಂಬುದನ್ನು ಮರೆಯಬಾರದು.

ಗಡಿ ಎಳೆಯುವವರ ವಿಷಯ ಬೇರೆಯೇ ಕಥೆ. 1983ರ ಸಂವಿಧಾನ ತಿದ್ದುಪಡಿ ಈ ಕೆಲಸವನ್ನು ಶಾಸಕರ ಕೈಯಿಂದ ತೆಗೆದು ಒಂದು ಆಯೋಗಕ್ಕೆ ಕೊಟ್ಟಿತು: ಎರಡು ಪಕ್ಷಗಳ ನಾಯಕರು ಹೆಸರಿಸಿದ ನಾಲ್ವರು, ಮತಾಧಿಕಾರವಿಲ್ಲದ ಒಬ್ಬ ಅಧ್ಯಕ್ಷರು. 2021ರ ನವೆಂಬರ್ 15ರ ಮಧ್ಯರಾತ್ರಿಯ ಗಡುವಿನ ಅಂಚಿನಲ್ಲಿ, ಪೂರ್ಣ ನಕ್ಷೆ ಸಾರ್ವಜನಿಕರ ಕಣ್ಣಿಗೆ ಬೀಳುವ ಮುಂಚೆಯೇ, ಆಯೋಗ ಮತ ಹಾಕಿತು. ಗಡುವು ಮೀರಿದ್ದನ್ನು ಒಪ್ಪಿಕೊಂಡಿತು. ರಾಜ್ಯದ ಸುಪ್ರೀಂ ಕೋರ್ಟು ಕೊನೆಗೆ ಆ ನಕ್ಷೆಯನ್ನೇ ಉಳಿಸಿತು. ಮುಂದೆ 2023ರ ಆಗಸ್ಟಿನಲ್ಲಿ ಫೆಡರಲ್ ನ್ಯಾಯಾಧೀಶ ರಾಬರ್ಟ್ ಲಾಸ್ನಿಕ್, ಯಾಕಿಮಾ ಕಣಿವೆಯ 15ನೇ ಕ್ಷೇತ್ರದ ರಚನೆ ಲ್ಯಾಟಿನೋ (ಲ್ಯಾಟಿನ್ ಅಮೆರಿಕ ಮೂಲದ) ಮತದಾರರ ಮತದ ಬಲ ಕುಗ್ಗಿಸುತ್ತದೆ ಎಂದು ತೀರ್ಪು ಕೊಟ್ಟರು. ಕಾಗದದ ಮೇಲೆ ಅವರದೇ ಅಲ್ಪ ಬಹುಮತ. ಆದರೆ ಸೆನೆಟ್ ಚುನಾವಣೆ ಬೀಳುತ್ತಿದ್ದುದು ಅಧ್ಯಕ್ಷೀಯ ಚುನಾವಣೆಯಿಲ್ಲದ, ಆ ಸಮುದಾಯದ ಮತದಾನ ಕಡಿಮೆಯಿರುವ ವರ್ಷದಲ್ಲಿ. 2024ರ ಮಾರ್ಚಿನ ಹೊಸ ನಕ್ಷೆಯಲ್ಲಿ ಆ ಜನರ ಕ್ಷೇತ್ರಕ್ಕೆ 14 ಎಂಬ ಸಂಖ್ಯೆ ಬಂತು, ಅದರೊಂದಿಗೆ ಅಲ್ಲಿನ ಸೆನೆಟ್ ಚುನಾವಣೆಯೂ ಅಧ್ಯಕ್ಷೀಯ ಚುನಾವಣೆಯ ವರ್ಷಕ್ಕೆ ಸರಿಯಿತು. ಹಳೆಯ 15ರಿಂದ 2022ರಲ್ಲಿ ಗೆದ್ದಿದ್ದ ನಿಕ್ಕಿ ಟಾರೆಸ್ ಲ್ಯಾಟಿನಾ ಮಹಿಳೆಯೇ, ರಿಪಬ್ಲಿಕನ್ ಪಕ್ಷದವರು. ಆದ್ದರಿಂದ ಈ ತೀರ್ಪಿನ ಬಗ್ಗೆ ಇಲ್ಲಿ ವಾದ ಇನ್ನೂ ತಣ್ಣಗಾಗಿಲ್ಲ. ಗಡಿಯಷ್ಟೇ ಅಲ್ಲ, ಕ್ಷೇತ್ರದ ಸಂಖ್ಯೆಯೂ ಮತದ ಬೆಲೆ ನಿರ್ಧರಿಸಬಲ್ಲದು ಎಂಬುದು ನನಗೆ ಗೊತ್ತಾದದ್ದೇ ಈ ಪ್ರಕರಣದಿಂದ.

ಇನ್ನು ಮತ ಹಾಕಿದ ಮೇಲಿನ ಸೇವೆ. ಶಾಸನಸಭೆ ರಾಜ್ಯದ ರಾಜಧಾನಿ ಒಲಿಂಪಿಯಾದಲ್ಲಿ ಜನವರಿಯ ಎರಡನೇ ಸೋಮವಾರ ಸೇರುತ್ತದೆ; ಬೆಸ ವರ್ಷಗಳಲ್ಲಿ 105 ದಿನ, ಸರಿ ವರ್ಷಗಳಲ್ಲಿ 60 ದಿನ. ಉಳಿದ ಕಾಲದಲ್ಲಿ ಅನೇಕ ಸದಸ್ಯರಿಗೆ ಬೇರೆ ಉದ್ಯೋಗವಿರುತ್ತದೆ. ಮದುವೆ ಆಮಂತ್ರಣ, ಚರಂಡಿ ದೂರು, ವರ್ಗಾವಣೆ ಶಿಫಾರಸು ಎಲ್ಲವನ್ನೂ ಹೊತ್ತು ಶಾಸಕರ ಮನೆ ಬಾಗಿಲಿಗೆ ಹೋಗುವ ರೂಢಿಯವರು ಇಲ್ಲಿ ನಿರಾಶರಾಗುತ್ತಾರೆ. ಚರಂಡಿ ನಗರಸಭೆಯದು, ಶಾಲೆ ಶಾಲಾ ಮಂಡಳಿಯದು; ಶಾಸಕರದು ಕಾನೂನು ಮತ್ತು ಬಜೆಟ್. ಅದನ್ನು ಒಪ್ಪಿಕೊಂಡೇ ಒಂದು ಮಸೂದೆಯ ಬಗ್ಗೆ ನಮ್ಮ ಮೂವರಿಗೂ ಪತ್ರ ಬರೆದೆ. ಒಬ್ಬರ ಕಚೇರಿಯಿಂದ ನಾನು ಎತ್ತಿದ ಪ್ರಶ್ನೆಗೇ ಉತ್ತರ ಬಂತು, ಇನ್ನೊಬ್ಬರಿಂದ ಯಂತ್ರ ಕಳಿಸಿದ ಧನ್ಯವಾದ, ಮೂರನೆಯವರಿಂದ ಏನೂ ಇಲ್ಲ. ಮೂವರು ಪ್ರತಿನಿಧಿಗಳಿರುವುದರ ಲಾಭವೂ ಇದೇ, ತೊಂದರೆಯೂ ಇದೇ: ಒಬ್ಬರು ಕೇಳದಿದ್ದರೆ ಇನ್ನಿಬ್ಬರಿದ್ದಾರೆ, ಆದರೆ ಮೂವರಲ್ಲಿ ಪ್ರತಿಯೊಬ್ಬರಿಗೂ ಆ ಸಮಾಧಾನ ಇದ್ದೇ ಇರುತ್ತದೆ.

ಇಲ್ಲಿರುವ ಕನ್ನಡಿಗರಲ್ಲಿ ವೀಸಾ ಅಥವಾ ಗ್ರೀನ್ ಕಾರ್ಡಿನ ಮೇಲಿರುವವರೂ ಅನೇಕ. ಅವರಿಗೆ ಮತವಿಲ್ಲ. ಭಾರತದ ಪಾಸ್‌ಪೋರ್ಟ್ ಇರುವವರು ನಮೂನೆ 6ಎ ತುಂಬಿ ಊರಿನ ಪಟ್ಟಿಯಲ್ಲಿ ಹೆಸರು ಸೇರಿಸಬಹುದು, ಆದರೆ ಮತ ಹಾಕಲು ಖುದ್ದಾಗಿ ಮತಗಟ್ಟೆಗೇ ಹೋಗಬೇಕು. ಚಾಲನಾ ಪರವಾನಗಿಯ ಕಚೇರಿಯಲ್ಲಿ ಮತದಾರರ ನೋಂದಣಿಯ ಪ್ರಶ್ನೆ ಬಂದಾಗ ಪೌರರಲ್ಲದವರು ಕಣ್ಣುಮುಚ್ಚಿ ಹೂಂ ಅನ್ನಬಾರದು, ಮುಂದೆ ವಲಸೆಯ ಕಡತಕ್ಕೇ ಕುತ್ತು ಬರುತ್ತದೆ. ಇಷ್ಟಾದರೂ ಕ್ಷೇತ್ರದ 1.57 ಲಕ್ಷದ ಲೆಕ್ಕದಲ್ಲಿ ಅವರೆಲ್ಲ ಸೇರಿದ್ದಾರೆ, ಏಕೆಂದರೆ ಗಡಿ ಎಳೆಯುವುದು ಜನಸಂಖ್ಯೆಯ ಮೇಲೆಯೇ ಹೊರತು ಮತದಾರರ ಪಟ್ಟಿಯ ಮೇಲಲ್ಲ. ಶಾಸನಸಭೆಯ ಸಮಿತಿಗಳೂ ಮಾತಾಡಲು ಬಂದವರ ಪೌರತ್ವ ಕೇಳುವುದಿಲ್ಲ: ವಿಚಾರಣೆಗೆ ಒಂದು ಗಂಟೆ ಮುಂಚಿನವರೆಗೆ ಅಂತರಜಾಲದಲ್ಲಿ ‘ಪರ’ ಅಥವಾ ‘ವಿರೋಧ’ ಎಂದು ಹೆಸರು ದಾಖಲಿಸಬಹುದು, ಮನೆಯಿಂದಲೇ ಜೂಮ್ ಮೂಲಕ ಮಾತಾಡಲೂಬಹುದು. 2023ರಲ್ಲಿ, ನಗರಗಳ ಒಂಟಿಮನೆ ಬಡಾವಣೆಗಳಲ್ಲಿ ನಾಲ್ಕು ಮನೆಯ ಕಟ್ಟಡಗಳಿಗೂ ಅವಕಾಶ ಕೊಡುವ ಮಸೂದೆ ಸಮಿತಿಯ ಮುಂದಿದ್ದಾಗ, ಗ್ರೀನ್ ಕಾರ್ಡಿನ ಮೇಲಿರುವ ನನ್ನ ಪತ್ನಿ ಊಟದ ವಿರಾಮದಲ್ಲಿ ಕೂತು ತೊಂಬತ್ತು ಸೆಕೆಂಡು ಮಾತಾಡಿದಳು. ಅಧ್ಯಕ್ಷರು ಅವಳ ಹೆಸರನ್ನು ತಪ್ಪಾಗಿ ಉಚ್ಚರಿಸಿ, ಕ್ಷಮೆ ಕೇಳಿ, ಎರಡನೇ ಸಲ ಸರಿಯಾಗಿ ಹೇಳಿದರು. ಮಸೂದೆ ಆ ಮೇ ತಿಂಗಳಲ್ಲಿ ಕಾನೂನಾಯಿತು.